ಎರಡು ಆರ್, ಒಂದು ಎಚ್: ನರ್ಸಿಂಗ್ ಓದುವವರಿಗೆ ಒಂದು ಸ್ಪೆಲಿಂಗ್ ಟಿಪ್ಪಣಿ

ಡಯೇರಿಯಾ ಎಂದು ಬಾಯಲ್ಲಿ ಹೇಳುವುದು ಸುಲಭ. ಕೇಸ್ ಶೀಟ್‌ನಲ್ಲಿ ಬರೆಯಲು ಹೋದರೆ ಪೆನ್ನು ನಡುವೆ ನಿಲ್ಲುತ್ತದೆ. ಆರ್ ಒಂದಾ, ಎರಡಾ? ಎಚ್ ಎಲ್ಲಿ ಬರುತ್ತದೆ? ಮಂಗಳೂರು, ದೇರಳಕಟ್ಟೆ, ಮಣಿಪಾಲದ ಕಾಲೇಜುಗಳಿಗೆ ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರಿಗೆ ಇದು ದಿನಾ ಇರುವ ಪಾಡು. ವಾರ್ಡಿನಲ್ಲಿ ಅಜ್ಜಿ ತುಳುವಿನಲ್ಲಿ 'ಬಂಜಿ ಬೇನೆ' ಅನ್ನುತ್ತಾರೆ. ನಾವು ಕನ್ನಡದಲ್ಲಿ 'ಎಷ್ಟು ಸಲ ಭೇದಿ ಆಯ್ತು ಅಮ್ಮ' ಎಂದು ಕೇಳುತ್ತೇವೆ. ಬರೆಯಬೇಕಾದದ್ದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರುವ ಗ್ರೀಕ್ ಪದ!

ಈ ಟಿಪ್ಪಣಿ ಒಂದೇ ಒಂದು ಅಕ್ಷರಗುಂಪಿನ ಬಗ್ಗೆ: ಆರ್-ಆರ್-ಎಚ್. ಡಯೇರಿಯಾ, ಹೆಮರೇಜ್, ಗೊನೋರಿಯಾ, ಡಿಸ್‌ಮೆನೋರಿಯಾ, ಹರ್ನಿಯೊರಾಫಿ, ಅರಿದ್ಮಿಯಾ, ಎಲ್ಲದರ ಹೊಟ್ಟೆಯಲ್ಲೂ ಈ ಮೂರು ಅಕ್ಷರ ಇದೇ ಕ್ರಮದಲ್ಲಿ ಕೂತಿವೆ. ಎಚ್ ಕಿವಿಗೆ ಕೇಳಿಸುವುದೇ ಇಲ್ಲ. ಆದ್ದರಿಂದ ಕೇಳಿ ಬರೆಯುವವರು ಬಿಟ್ಟೇ ಬಿಡುತ್ತಾರೆ.

ಇದು ಯಾಕೆ ಹೀಗೆ ಅಂತ ಗೊತ್ತಾದರೆ ಬಾಯಿಪಾಠದ ಕೆಲಸ ಅರ್ಧ ಕಡಿಮೆ. ಗ್ರೀಕಿನಲ್ಲಿ 'ರೋ' ಎಂಬ ಅಕ್ಷರ ಪದದ ಮೊದಲಿಗೆ ಬಂದರೆ ಅದನ್ನು ಉಸಿರು ಸೇರಿಸಿ ಹೇಳುತ್ತಿದ್ದರು. ಆ ಉಸಿರನ್ನೇ ರೋಮನ್ ಲಿಪಿಯಲ್ಲಿ ಎಚ್ ಆಗಿ ಬರೆದರು. ರುಮ್ಯಾಟಿಸಂ, ರೈನೈಟಿಸ್, ರಿದಮ್ ಎಲ್ಲ ಆರ್-ಎಚ್‌ನಿಂದ ಶುರುವಾಗುವುದು ಇದಕ್ಕೇ. ಇಂಥ ಪದದ ಹಿಂದೆ ಸ್ವರದಲ್ಲಿ ಮುಗಿಯುವ ಇನ್ನೊಂದು ತುಂಡು ಬಂದು ಸೇರಿದರೆ ಆರ್ ಇಮ್ಮಡಿಯಾಗುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕೂಡುವ ಜಾಗದಲ್ಲೇ ಅಕ್ಷರ ಬದಲಾಗುತ್ತದಲ್ವಾ, ಹಾಗೆಯೇ ಇದೂ ಒಂದು ಸಂಧಿ.

ಪುರಾವೆ ಬೇಕಾದರೆ ರೈನೋರಿಯಾ ನೋಡಿ. ಮೂಗು ಸೋರುವುದಕ್ಕೆ ಹೇಳುವ ಪದ. ಶುರುವಿನಲ್ಲಿ ಆರ್ ಒಂದೇ, ಏಕೆಂದರೆ ಅದರ ಹಿಂದೆ ಏನೂ ಇಲ್ಲ. ನಡುವೆ ಎರಡು, ಏಕೆಂದರೆ ಅದರ ಹಿಂದೆ ಓ ಇದೆ. ಇನ್ನೂ ಚೆನ್ನಾದ ಜೋಡಿ ಅರಿದ್ಮಿಯಾ ಮತ್ತು ಡಿಸ್‌ರಿದ್ಮಿಯಾ. ಎರಡೂ ಹೃದಯದ ಬಡಿತ ತಾಳ ತಪ್ಪಿದ್ದಕ್ಕೆ ಬಳಸುವ ಪದಗಳು. ಮೊದಲನೆಯದರಲ್ಲಿ ಎ ಎಂಬ ಸ್ವರದ ನಂತರ ಬಂದದ್ದರಿಂದ ಆರ್ ಎರಡು. ಎರಡನೆಯದರಲ್ಲಿ ಎಸ್ ಎಂಬ ವ್ಯಂಜನದ ನಂತರ ಬಂದದ್ದರಿಂದ ಒಂದೇ.

ಹಾಗಾಗಿ ಪದ ಕಂಡ ಕೂಡಲೇ ಆರ್-ಆರ್-ಎಚ್‌ನ ಮುಂಚೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಎಡಕ್ಕೆ ಸಾಮಾನ್ಯವಾಗಿ ದೇಹದ ಭಾಗ ಅಥವಾ ಪದಾರ್ಥ, ಬಲಕ್ಕೆ ಅದಕ್ಕೆ ಏನಾಯಿತು ಎಂಬುದು. ಬಲಗಡೆಯಲ್ಲಿ ಮುಖ್ಯವಾಗಿ ಮೂರು ಬಾಲಗಳಿವೆ.

ಮೊದಲನೆಯದು 'ರಿಯಾ', ಅಂದರೆ ಹರಿಯುವುದು. ಸ್ಪೆಲಿಂಗ್ ಆರ್-ಆರ್-ಎಚ್-ಓ-ಇ-ಎ. ಡಯಾ ಅಂದರೆ ಮೂಲಕ, ಅಲ್ಲಿಗೆ ಡಯೇರಿಯಾ ಒಳಗಿಂದ ಹಾದು ಹರಿದುಹೋಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 24 ಗಂಟೆಯಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಹೋದರೆ ಡಯೇರಿಯಾ. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಕೇಳುವುದು ಈ ಲೆಕ್ಕವನ್ನೇ. ಓಟೋರಿಯಾ ಕಿವಿ ಸೋರುವುದು, ಪಯೋರಿಯಾ ಕೀವು ಸೋರುವುದು. ಸೆಬೋರಿಯಾ ಚರ್ಮದ ಎಣ್ಣೆಯಂಶ ಜಾಸ್ತಿಯಾಗಿ ಜಿಡ್ಡು ಹಿಡಿಯುವುದು.

ಮುಟ್ಟಿಗೆ ಸಂಬಂಧಪಟ್ಟ ಪದಗಳು ಗೊಂದಲದ ಗೂಡು, ಸ್ವಲ್ಪ ನಿಧಾನವಾಗಿ ನೋಡೋಣ. ಮೆನ್ ಅಂದರೆ ಗ್ರೀಕಿನಲ್ಲಿ ತಿಂಗಳು. ಅದಕ್ಕೂ ಮೊದಲು ಎ ಇದ್ದರೆ 'ಇಲ್ಲ' ಎಂದರ್ಥ, ಅಮೆನೋರಿಯಾ ಅಂದರೆ ಮುಟ್ಟು ನಿಂತಿದೆ. ಡಿಸ್ ಇದ್ದರೆ ಕಷ್ಟ, ಡಿಸ್‌ಮೆನೋರಿಯಾ ಅಂದರೆ ಮುಟ್ಟಿನ ನೋವು. ಆಲಿಗೊ ಇದ್ದರೆ ಅಪರೂಪ, ಆಲಿಗೊಮೆನೋರಿಯಾದಲ್ಲಿ ಮುಟ್ಟು ದೂರ ದೂರವಾಗಿ ಬರುತ್ತದೆ.

ಮೆನೊರೇಜಿಯಾಕ್ಕೆ ಬಂದರೆ ಬಾಲ ಬದಲಾಗುತ್ತದೆ. ಇದು ಎರಡನೆಯ ಬಾಲ, 'ರೇಜ್' ಅಥವಾ 'ರೇಜಿಯಾ'. ಮೂಲದ ಅರ್ಥ ಒಡೆದು ನುಗ್ಗುವುದು. ಮುಟ್ಟಿನಲ್ಲಿ ವಿಪರೀತ ರಕ್ತ ಹೋದರೆ ಮೆನೊರೇಜಿಯಾ. ಎರಡು ಮುಟ್ಟಿನ ನಡುವೆ ಹೋದರೆ ಮೆಟ್ರೊರೇಜಿಯಾ. ಇಲ್ಲಿ ಮೆಟ್ರಾ ಅಂದರೆ ಗರ್ಭಕೋಶ, ರೈಲಿಗೂ ಇದಕ್ಕೂ ಸಂಬಂಧವಿಲ್ಲ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ 2011ರಲ್ಲಿ ಈ ಎರಡೂ ಪದಗಳನ್ನು ಕೈಬಿಟ್ಟು ಸರಳ ಹೆಸರು ಬಳಸಿ ಎಂದಿತು. ಒಳ್ಳೆಯದೇ ಆಯಿತು. ಆದರೂ ಹಳೆಯ ಪಠ್ಯಪುಸ್ತಕಗಳಲ್ಲಿ ಇವು ಸಿಗುತ್ತವೆ, ಕಲಿಯದೆ ವಿಧಿಯಿಲ್ಲ.

ಹೆಮರೇಜ್ ಇದೇ ಬಾಲದ ಪದ. ಹೀಮ ಅಂದರೆ ರಕ್ತ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಪಿಪಿಎಚ್ ಅನ್ನುತ್ತೇವಲ್ಲ, ಅದರ ಕೊನೆಯ ಎಚ್ ಇದೇ. ಸಹಜ ಹೆರಿಗೆಯಲ್ಲಿ 500 ಮಿಲಿ ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಹೋದರೆ ಪಿಪಿಎಚ್ ಎಂದು ನಮಗೆ ಕಲಿಸುತ್ತಾರೆ. ಮಲೆನಾಡು ಪಕ್ಕದಲ್ಲೇ ಇರುವ ನಮಗೆ ಇನ್ನೊಂದು ಉದಾಹರಣೆಯೂ ಹತ್ತಿರದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಪುಸ್ತಕಗಳು ವೈರಲ್ ಹೆಮರೇಜಿಕ್ ಫೀವರ್ ಗುಂಪಿಗೆ ಸೇರಿಸುತ್ತವೆ.

ಮೂರನೆಯ ಬಾಲ 'ರಾಫಿ', ಹೊಲಿಗೆ. ಇದು ಕಿವಿಗೆ 'ಗ್ರಾಫಿ' ಥರ ಕೇಳಿಸುತ್ತದೆ, ಅಪಾಯ ಇರುವುದು ಅಲ್ಲಿ. ಗ್ರಾಫಿ ಇದ್ದರೆ ಚಿತ್ರ ತೆಗೆಯುವುದು, ರಾಫಿ ಇದ್ದರೆ ಸೂಜಿ ದಾರ. ಮಂಗಳೂರಿನ ಲೇಡಿಗೋಷನ್‌ನಂಥ ಹೆರಿಗೆ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಇರುವವರಿಗೆ ಪೆರಿನಿಯೊರಾಫಿ, ಅಂದರೆ ಯೋನಿ ಮತ್ತು ಗುದದ್ವಾರದ ನಡುವಿನ ಭಾಗ ಹರಿದಾಗ ಹಾಕುವ ಹೊಲಿಗೆ, ಪರಿಚಯ ಆಗಿಯೇ ಆಗುತ್ತದೆ. ಸರ್ಜರಿ ವಾರ್ಡಿನಲ್ಲಿ ಹರ್ನಿಯಾದ (ಹೊಟ್ಟೆಯ ಗೋಡೆಯ ಸಡಿಲ ಜಾಗದಿಂದ ಒಳಗಿನ ಭಾಗ ಚೀಲದಂತೆ ಹೊರಚಾಚುವುದು) ಮೂರು ಪದಗಳನ್ನು ಒಟ್ಟಿಗೆ ಕಲಿಯಿರಿ: ಬರೀ ಚೀಲ ತೆಗೆದರೆ ಹರ್ನಿಯೊಟಮಿ, ಚೀಲ ತೆಗೆದು ಗೋಡೆಯನ್ನು ಹೊಲಿದರೆ ಹರ್ನಿಯೊರಾಫಿ, ಮೆಶ್ (ಬಲೆ) ಇಟ್ಟರೆ ಹರ್ನಿಯೊಪ್ಲಾಸ್ಟಿ.

ಬ್ರಿಟಿಷ್ ಸ್ಪೆಲಿಂಗಾ, ಅಮೆರಿಕನ್ನಾ ಎಂಬ ಚರ್ಚೆ ಹಾಸ್ಟೆಲಿನಲ್ಲಿ ಯಾವಾಗಲೂ ಇರುತ್ತದೆ. ಅಮೆರಿಕದವರು ಡಯೇರಿಯಾದಲ್ಲಿ ಓ ಬಿಡುತ್ತಾರೆ, ಹೆಮರೇಜ್‌ನ ಶುರುವಿನಲ್ಲಿ ಎ ಬಿಡುತ್ತಾರೆ. ಆರ್-ಆರ್-ಎಚ್ ಮಾತ್ರ ಇಬ್ಬರಲ್ಲೂ ಹಾಗೇ ಇದೆ. ಯಾವುದಾದರೂ ಒಂದನ್ನು ಹಿಡಿಯಿರಿ, ಒಂದೇ ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಬೆರೆಸಬೇಡಿ.

ನಿಯಮ ತಪ್ಪುವ ಪದಗಳೂ ಇವೆ. ಲಿವರಿನ ಕಾಯಿಲೆಯಾದ ಸಿರೋಸಿಸ್‌ನಲ್ಲಿ ಆರ್-ಆರ್-ಎಚ್ ಇದ್ದರೂ ಎರಡು ತುಂಡು ಕೂಡಿದ ಜಾಗ ಅದಲ್ಲ. ಕಿರ್ರೋಸ್ ಅಂದರೆ ಕಂದು ಹಳದಿ ಬಣ್ಣ. 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್, 1819ರಲ್ಲಿ ಕೆಟ್ಟ ಲಿವರಿನ ಬಣ್ಣ ನೋಡಿ ಈ ಹೆಸರಿಟ್ಟ. ಇಲ್ಲಿ ಗೆರೆ ಎಳೆಯಲು ಹೋಗಬೇಡಿ. ಇನ್ನು ಕಿವಿ ಮೂಗು ಗಂಟಲು ವಿಭಾಗದ ಬೋರ್ಡಿನಲ್ಲಿರುವ ಓಟೋರೈನೋಲ್ಯಾರಿಂಗಾಲಜಿ, 19 ಅಕ್ಷರದ ಪದ. ಓ ಆದ ಮೇಲೆ ರೈನೋ ಬಂದಿದೆ, ನಿಯಮದಂತೆ ಆರ್ ಎರಡು ಇರಬೇಕಿತ್ತು. ಆದರೆ ಬರೆಯುವುದು ಒಂದೇ. ಕಣ್ಣಿನ ಪೊರೆಯ ಸರ್ಜರಿಯ ಕ್ಯಾಪ್ಸುಲೊರೆಕ್ಸಿಸ್‌ಗೂ ಸಾಮಾನ್ಯವಾಗಿ ಒಂದೇ ಆರ್. ಇಂಥವನ್ನು ಸುಮ್ನೆ ಬೇರೆ ಪುಟದಲ್ಲಿ ಬರೆದಿಟ್ಟು ಬಾಯಿಪಾಠ ಮಾಡಿ.