ಸ್ಕೂಟರು ತಿಂದ ದಮ್ಮು

ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ಮರದ ಮೆಟ್ಟಿಲು ಇದೆ. ಎತ್ತರ 41 ಸೆಂಟಿಮೀಟರ್ ಚಿಲ್ಲರೆ. ಕುತ್ತಿಗೆ ನೋವು, ಬೆನ್ನು ನೋವು ಅಂತ ಬರುವ ಕಾಲೇಜು ಹುಡುಗರನ್ನು ನೋವು ಕಡಿಮೆಯಾದ ಮೇಲೆ ಅದರ ಮುಂದೆ ನಿಲ್ಲಿಸುತ್ತೇನೆ. ಮೂರು ನಿಮಿಷ ಹತ್ತಿ ಇಳಿಯಬೇಕು, ತಾಳ ತಪ್ಪುವ ಹಾಗಿಲ್ಲ. ಹುಡುಗರಾದರೆ ನಿಮಿಷಕ್ಕೆ 24 ಸಲ, ಹುಡುಗಿಯರಾದರೆ 22. ನಿಂತು ಐದು ಸೆಕೆಂಡ್ ಆದ ಮೇಲೆ ನಾಡಿ ಹಿಡಿಯುತ್ತೇನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ನಾಡಿ ಎಷ್ಟು ಕಡಿಮೆಯೋ ದಮ್ಮು ಅಷ್ಟು ಜಾಸ್ತಿ.

ಕಳೆದ ವರ್ಷ ಎಂ.ಎಸ್ಸಿ. ಓದುವ ಒಬ್ಬ ಹುಡುಗ ಬಂದಿದ್ದ. ಎಚ್.ಡಿ. ಕೋಟೆ ಕಡೆಯವನು. ಮೆಟ್ಟಿಲು ಇಳಿದಾಗ ಅವನ ನಾಡಿ 172. ಅವನಿಗೇ ನಂಬಿಕೆ ಬರಲಿಲ್ಲ. “ಸರ್, ಹೈಸ್ಕೂಲಿಗೆ ದಿನಾ ನಾಲ್ಕು ಕಿಲೋಮೀಟರ್ ಸೈಕಲ್ ತುಳೀತಿದ್ದೆ. ಗಾಡಿ ಸರಿಯಿಲ್ಲದ ದಿನ ನಡೆದೇ ಹೋಗ್ತಿದ್ದೆ” ಅಂದ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡುತ್ತಿತ್ತಲ್ಲ, ಆ ಸೈಕಲ್ಲು. ಈಗ ಅದು ಊರಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಇವನು ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು, ಒಂದೂವರೆ ಕಿಲೋಮೀಟರ್ ದೂರದ ಗಂಗೋತ್ರಿಗೆ, ಅಂದರೆ ಮಾನಸಗಂಗೋತ್ರಿಯ ವಿಶ್ವವಿದ್ಯಾಲಯಕ್ಕೆ, ಸ್ಕೂಟರಿನಲ್ಲಿ ಹೋಗುತ್ತಾನೆ.

ದಮ್ಮನ್ನು ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ಪಳಗಿದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ತೊಡೆಯ ಸ್ನಾಯು ಆ ರಕ್ತದಿಂದ ಹೆಚ್ಚು ಆಮ್ಲಜನಕ ಎಳೆದುಕೊಳ್ಳುತ್ತದೆ. ಕೆಲಸ ಕೊಡುವುದನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಎರಡೂ ಇಳಿಯತೊಡಗುತ್ತವೆ. ಇವನು ಬಿಟ್ಟು ಆರು ವರ್ಷ ಆಗಿತ್ತು.

ಅವನ ಎದುರಿಗೇ ಲೆಕ್ಕ ಹಾಕಿದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಒಂದೂವರೆ ಕಿಲೋಮೀಟರಿಗೆ 18 ನಿಮಿಷ. ಹೋಗಿ ಬಂದರೆ 36. ವಾರಕ್ಕೆ ಐದು ದಿನ ಅಂದರೆ 180 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಬೇಕು ಅನ್ನುತ್ತದೆ. ಜಿಮ್ಮಿಗೆ ದುಡ್ಡು ಕಟ್ಟದೆಯೇ ಅದು ಮುಗಿದು ಹೋಯಿತು! ಮೊದಲು ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಎಂಬ ನಿಯಮವಿತ್ತು. 2020ರಲ್ಲಿ ಅದನ್ನೂ ತೆಗೆದರು. ಹಾಗಾಗಿ ಬಸ್ ಸ್ಟಾಪಿನಿಂದ ಡಿಪಾರ್ಟ್‌ಮೆಂಟಿನವರೆಗಿನ ಆರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಯರಿಗೆ ನಾನು ಇದನ್ನೇ ಹೇಳುವುದು. ಶಕ್ತಿ ಯೋಜನೆಯಿಂದ ಟಿಕೆಟ್ಟಿಗೆ ದುಡ್ಡೂ ಇಲ್ಲ, ಸ್ಟಾಪಿನವರೆಗೆ ನಡಿಗೆಯೂ ಆಯಿತು.

ಆದರೆ ಫೋನ್ ನೋಡುತ್ತಾ ಕಾಲೆಳೆದುಕೊಂಡು ಹೋಗುವುದು ಬೇರೆ, ನಡೆಯುವುದು ಬೇರೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಅದೇ ಅಳತೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಿಗ್ಗೆ ನೋಡಿ, ಅರವತ್ತು ದಾಟಿದವರು ಬಿರಬಿರನೆ ಹೋಗುತ್ತಿರುತ್ತಾರೆ. ಇಪ್ಪತ್ತರವರು ಸೆಲ್ಫಿ ತೆಗೆಯುತ್ತಿರುತ್ತಾರೆ. ಗಂಗೋತ್ರಿಗೆ ಹೆಸರಿಟ್ಟ ಕುವೆಂಪು ಅವರು ವಾಕಿಂಗ್ ಹೋಗುತ್ತಿದ್ದ ಜಾಗ ಅದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಡೆಯುವುದರಿಂದ ಗಟ್ಟಿಯಾಗುತ್ತಾರೋ, ಗಟ್ಟಿ ಇರುವವರೇ ನಡೆಯುತ್ತಾರೋ? ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರಿದ್ದರು. ಡಬಲ್ ಡೆಕರ್ ಬಸ್ಸಿನ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ 1953ರಲ್ಲಿ ತೋರಿಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬಸ್ ಸಂಸ್ಥೆ ಹೊಲಿಸಿ ಕೊಡುತ್ತಿದ್ದ ಯೂನಿಫಾರಂ ಪ್ಯಾಂಟುಗಳ ಸೊಂಟದಳತೆ ತರಿಸಿ ನೋಡಿದರು. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳ ಸೊಂಟ ದಪ್ಪ ಇತ್ತು! ಅದನ್ನೂ 1956ರಲ್ಲಿ ಪ್ರಕಟಿಸಿದರು. ಅದಕ್ಕೇ ಸೈಕಲ್ ತುಳಿಯುವ ಹುಡುಗ ಚೆನ್ನಾಗಿದ್ದಾನೆ ಅಂದರೆ ಪೂರ್ತಿ ಶ್ರೇಯಸ್ಸನ್ನು ನಾನು ಸೈಕಲ್ಲಿಗೆ ಕೊಡುವುದಿಲ್ಲ. ಒಬ್ಬನನ್ನು ಅವನ ಹಳೇ ನಾಡಿಯ ಜೊತೆಗೇ ಹೋಲಿಸುತ್ತೇನೆ.

ಇನ್ನೊಂದು ಮಾತು. ನಡಿಗೆ, ಸೈಕಲ್ ದಮ್ಮು ಕೊಡುತ್ತವೆ, ತೋಳಿಗೆ ಬೆನ್ನಿಗೆ ಬಲ ಕೊಡುವುದಿಲ್ಲ. ವಾರಕ್ಕೆ ಎರಡು ದಿನ ಬಸ್ಕಿ, ದಂಡ ಹೊಡೆಯಲೇಬೇಕು. ಗರಡಿಮನೆಗಳ ಊರಿನಲ್ಲಿ ಇದನ್ನು ಹೇಳಿಕೊಡುವ ಅಗತ್ಯ ಬರಬಾರದಿತ್ತು.

ಸೈಕಲ್ ತುಳಿಯುವವರಲ್ಲಿ ನಾನು ಹೆಚ್ಚಾಗಿ ನೋಡುವ ಮಂಡಿ ನೋವಿಗೆ ಕಾರಣ ಸೀಟು ತಗ್ಗಾಗಿರುವುದು. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಗ್ಗಿರಬೇಕು. ಕಾಲು ನೆಲಕ್ಕೆ ಪೂರ್ತಿ ಊರಲಿ ಅಂತ ನಮ್ಮವರು ಸೀಟು ಇಳಿಸಿಬಿಡುತ್ತಾರೆ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಬ್ಯಾಗನ್ನು ಒಂದೇ ಹೆಗಲಿಗೆ ನೇತು ಹಾಕಬೇಡಿ. ಬೆವರಿನ ಚಿಂತೆ ಇದ್ದರೆ ಬ್ಯಾಗಿನಲ್ಲಿ ಇನ್ನೊಂದು ಅಂಗಿ ಇರಲಿ.

ಎಲ್ಲವನ್ನೂ ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. 2017ರಲ್ಲಿ ಮೈಸೂರಿನಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ನಾನೂ ಖುಷಿಪಟ್ಟಿದ್ದೆ. ಸೈಕಲ್ ಕೊಟ್ಟರೆ ಸಾಲದು, ತುಳಿಯಲು ದಾರಿಯೂ ಬೇಕಲ್ವಾ? ಫುಟ್‌ಪಾತಿನ ಮೇಲೆ ಬೈಕು ನಿಂತಿರುತ್ತದೆ. ಲೈಬ್ರರಿಯಿಂದ ರಾತ್ರಿ ಎಂಟಕ್ಕೆ ಹೊರಡುವ ಹುಡುಗಿಗೆ, ಬೀದಿದೀಪ ಕೆಟ್ಟ ರಸ್ತೆಯಲ್ಲಿ ನಡೆದು ಹೋಗು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವಳು ಆಟೋದಲ್ಲಿ ಬರಲಿ, ಬೆಳಿಗ್ಗೆ ನಡೆಯಲಿ.

ಎಚ್.ಡಿ. ಕೋಟೆಯ ಹುಡುಗ ಮೂರು ತಿಂಗಳು ಬಿಟ್ಟು ಬಂದ. ಮತ್ತೆ ಹತ್ತಿಸಿ ಇಳಿಸಿದೆ. ನಾಡಿ 156. ಬೆಳಿಗ್ಗೆ ನಡೆದು ಹೋಗುತ್ತಾನಂತೆ. ಸಂಜೆ ಏನು ಮಾಡ್ತೀಯಪ್ಪಾ ಅಂದೆ. “ಫ್ರೆಂಡ್ ಡ್ರಾಪ್ ಕೊಡ್ತಾನೆ ಸರ್” ಅಂದ, ನೆಲ ನೋಡಿಕೊಂಡು.