ಕರಗುವ ಕೃತಕ ಮೂಳೆ, ಹೊಸ ಮೂಳೆ ಬೆಳೆಯುವ ಮೊದಲೇ ಕರಗಿಹೋದರೆ?

ಪ್ರಶ್ನೆ: ಮುರಿದ ಜಾಗಕ್ಕೆ ಇಡುವ ಕರಗುವ ತುಂಡು ಬೇಗ ಕರಗಿಬಿಟ್ಟರೆ ಗತಿ ಏನು?

ಉತ್ತರ: ಅದಕ್ಕಿಂತ ಮೊದಲೇ ಬರುವ ತೊಂದರೆ ಬೇರೆ. ತುಂಡು ನೋಡಲು ಇಡಿಯಾಗಿಯೇ ಇರುತ್ತದೆ, ಬಲ ಮಾತ್ರ ಹೋಗಿರುತ್ತದೆ. ಇಂಥ ತುಂಡಿಗೆ ಬಳಸುವ ಪಾಲಿಲ್ಯಾಕ್ಟಿಕ್ ಆಸಿಡ್ ಎಂಬ ಪಾಲಿಮರ್‌ನ (ಲ್ಯಾಕ್ಟಿಕ್ ಆಮ್ಲದ ಅಣುಗಳು ಕೊಂಡಿಯಾಗಿ ಸೇರಿದ ವಸ್ತು) ಉದ್ದ ಸರಪಳಿಗಳನ್ನು ನೀರು ಅಲ್ಲಲ್ಲಿ ಕಡಿಯುತ್ತದೆ. ಕಡಿದಂತೆ ಬಲ ಇಳಿಯುತ್ತದೆ. ತೂಕ ಇಳಿಯುವುದು ಆ ಚೂರುಗಳು ನೀರಿನಲ್ಲಿ ಕರಗುವಷ್ಟು ಚಿಕ್ಕದಾದ ಮೇಲೆ. ಹಾಗಾಗಿ ‘ಎರಡು ವರ್ಷ ಇರುತ್ತದೆ’ ಅಂದರೆ, ತೂಕವೋ ಬಲವೋ ಎಂದು ಕೇಳಿ.

ದಪ್ಪ ತುಂಡಿನ ನಡುವೆ, ಹೀಗೆ ಕಡಿದು ಬಂದ ಲ್ಯಾಕ್ಟಿಕ್ ಆಮ್ಲ ಹೊರಬರಲಾಗದೆ ಉಳಿದು, ಕಡಿಯುವ ಕೆಲಸವನ್ನು ಇನ್ನೂ ಚುರುಕುಗೊಳಿಸುತ್ತದೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮುದ್ದೆ! ಇದಕ್ಕೇ ಖನಿಜದ ಪುಡಿ ಬೆರೆಸುವುದು. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜ ಕರಗುತ್ತ ಆಮ್ಲವನ್ನು ತಗ್ಗಿಸುತ್ತದೆ. ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಖನಿಜ ಕರಗುವುದು ಬಹಳ ನಿಧಾನ, ಆದರೆ ಮೂಳೆಯ ಕೋಶಗಳು ಅದಕ್ಕೆ ಚೆನ್ನಾಗಿ ಅಂಟುತ್ತವೆ. ಪುಡಿ ಅತಿಯಾದರೆ ತುಂಡು ಪೆಡಸಾಗಿ ಬಿರಿಯುತ್ತದೆ.

ಪ್ರಯೋಗಾಲಯದ ಹಳೆಯ ವಿಧಾನವೊಂದರ ಅಳತೆ: 1 ಗ್ರಾಂ ಪಾಲಿಮರ್ 10 ಮಿ.ಲೀ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, 0.3 ಗ್ರಾಂ ಖನಿಜದ ಪುಡಿಯನ್ನು ಅಲ್ಟ್ರಾಸೌಂಡ್‌ನಿಂದ ಬಿಡಿಸಿ ಹಾಕಿ, 250–425 ಮೈಕ್ರಾನ್‌ಗೆ ಜರಡಿ ಹಿಡಿದ 9 ಗ್ರಾಂ ಉಪ್ಪು ಕಲಸಿ ಅಚ್ಚಿಗೆ ಸುರಿಯುವುದು. ಆವಿಯನ್ನು ಹೊರಗೆಳೆಯುವ ಕಪಾಟಿನಲ್ಲಿ (ಫ್ಯೂಮ್ ಹುಡ್) ದ್ರಾವಕವಾದ ಕ್ಲೋರೋಫಾರ್ಮ್ ಆರಿದ ಮೇಲೆ ನಿರ್ವಾತದಲ್ಲಿ ಒಣಗಿಸಿ, ಎರಡು ದಿನ ನೀರಿನಲ್ಲಿಟ್ಟು, ನೀರು ಬದಲಿಸುತ್ತಿರಬೇಕು. ಉಪ್ಪು ಹೋದ ಜಾಗವೇ ರಂಧ್ರ. ರಕ್ತನಾಳ ನುಗ್ಗಲು ಅದು ಬೇಕು. ಒಣಗಿದ ತುಂಡು ಸುಮಾರು 1.3 ಗ್ರಾಂ ತೂಗಬೇಕು. ಹೆಚ್ಚಿದ್ದರೆ ಮುಚ್ಚಿದ ರಂಧ್ರಗಳಲ್ಲಿ ಉಪ್ಪು ಉಳಿದಿದೆ, ಇಲ್ಲವೇ ದ್ರಾವಕ ಪೂರ್ತಿ ಹೋಗಿಲ್ಲ. ಕಡಿಮೆಯಿದ್ದರೆ ಖನಿಜದ ಪುಡಿ ತೊಳೆದುಹೋಗಿದೆ. ಪುಡಿ ಗಂಟುಕಟ್ಟಿದ್ದರೆ ತೂಕ ಸರಿಯಿದ್ದೂ ಬಿರುಕು ಅಲ್ಲಿಂದಲೇ ಶುರು.

ಬಾಳಿಕೆ ಹೊಂದಿಸುವುದು ಮುಖ್ಯವಾಗಿ ಪಾಲಿಮರ್ ಆಯ್ಕೆಯಿಂದ. ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳು ಅರ್ಧರ್ಧ ಸೇರಿದ ಪಾಲಿಮರ್ ಒಂದೆರಡು ತಿಂಗಳಲ್ಲಿ ಹೋಗುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್ ಎರಡು ವರ್ಷ ದಾಟಬಹುದು. ಕ್ರಿಮಿಶುದ್ಧಿ ಈ ಲೆಕ್ಕವನ್ನೇ ಕೆಡಿಸಬಲ್ಲದು: 121 ಡಿಗ್ರಿಯ ಹಬೆಗೆ ತುಂಡು ಸೊಟ್ಟಗಾಗುತ್ತದೆ, 25 ಕಿಲೋಗ್ರೇ (ವಿಕಿರಣದ ಪ್ರಮಾಣದ ಅಳತೆ) ಗಾಮಾ ಕಿರಣ ಸರಪಳಿಗಳನ್ನು ಮೊದಲೇ ಕಡಿಯುತ್ತದೆ. ಆದ್ದರಿಂದ ಕ್ರಿಮಿಶುದ್ಧಿ ಆದ ತುಂಡನ್ನೇ 37 ಡಿಗ್ರಿ, ಪಿಎಚ್ 7.4ರ ದ್ರಾವಣದಲ್ಲಿಟ್ಟು, ವಾರವಾರ ತೆಗೆದು, ಒದ್ದೆಯಿರುವಾಗಲೇ ಒತ್ತಿ ಬಲ ಅಳೆಯುತ್ತಾರೆ.

ಇಷ್ಟಾದರೂ ಪಾಲಿಲ್ಯಾಕ್ಟಿಕ್ ಆಸಿಡ್‌ನ ಬಿಗಿತ ಸುಮಾರು 3 ಗಿಗಾಪಾಸ್ಕಲ್, ಗಟ್ಟಿ ಮೂಳೆಯದು 10–20. ರಂಧ್ರ ಮಾಡಿದರೆ ಇನ್ನೂ ಕಡಿಮೆ. ತೊಡೆಯ ಮೂಳೆಯ ದೊಡ್ಡ ಬಿರುಕಿಗೆ ಇದೊಂದನ್ನೇ ನಂಬುವಂತಿಲ್ಲ. ಭಾರ ಹೊರಲು ಲೋಹದ ಪಟ್ಟಿ ಜೊತೆಗಿರಬೇಕು.