ಎಷ್ಟು ಸಿಗ್ತದೆ, ವಕೀಲರೇ?

ಕಳೆದ ತಿಂಗಳು ಒಂದು ಸಂಜೆ ಮಿರ್ಜಾನಿನಿಂದ ಫೋನು ಬಂತು. ಪರಿಚಯದವರೇ. ಹೆದ್ದಾರಿಯಲ್ಲಿ ದನ ಅಡ್ಡ ಬಂತು ಅಂತ ಇವರು ಬ್ರೇಕ್ ಹಾಕಿದ್ದಾರೆ, ಹಿಂದೆ ಬರುತ್ತಿದ್ದ ಗೋವಾ ನಂಬರಿನ ಕಾರು ಬಂದು ಗುದ್ದಿದೆ. ಬಂಪರ್ ಒಳಗೆ ಹೋಗಿದೆ. ಡಿಕ್ಕಿಯ ಬಾಗಿಲು ಮುಚ್ಚಲಿಕ್ಕೆ ಬರುವುದಿಲ್ಲ.

"ನಿಮಗೆ ಏನಾಯ್ತು?" ಅಂತ ಕೇಳಿದೆ.

"ನನಗೆ ಎಂತದೂ ಆಗ್ಲಿಲ್ಲ ಮಾರಾಯ್ರೇ" ಅಂತ ನಕ್ಕರು. ಆಮೇಲೆ ದನಿ ಸ್ವಲ್ಪ ತಗ್ಗಿತು. "ಅಲ್ಲ ವಕೀಲರೇ, ಕುತ್ತಿಗೆಗೊಂದು ಪಟ್ಟಿ ಹಾಕ್ಕೊಂಡ್ರೆ ಎಷ್ಟು ಸಿಗ್ತದೆ?"

ಅರ್ಧ ತಮಾಷೆ, ಅರ್ಧ ನಿಜ. ಈ ಪ್ರಶ್ನೆಯನ್ನು ನಾನು ಕುಮಟಾದ ನನ್ನ ಆಫೀಸಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ವೃತ್ತಿಯ ಮೊದಲ ಎಂಟು ವರ್ಷ ವಿಮಾ ಕಂಪನಿಯ ಪರ ನಿಂತವನು ನಾನು. ಆಮೇಲೆ ಈಚೆ ಕಡೆ ಬಂದೆ, ಪೆಟ್ಟು ತಿಂದವರ ಪರ. ಎರಡೂ ಕುರ್ಚಿಯಲ್ಲಿ ಕೂತಿದ್ದರಿಂದ ಎರಡೂ ಕಡೆಯವರ ಸುಳ್ಳುಗಳ ಪರಿಚಯ ಇದೆ.

ಕೋರ್ಟು ನೋಡುವುದು ಎಷ್ಟು ಹೋಯ್ತು ಅಂತ. ಆಸ್ಪತ್ರೆಗೆ ಎಷ್ಟು ಹೋಯ್ತು, ಓಡಾಟಕ್ಕೆ ಎಷ್ಟು, ಎಷ್ಟು ದಿನದ ದುಡಿಮೆ ಹೋಯ್ತು, ಎಷ್ಟು ನೋವು ತಿಂದಿರಿ. ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಸಾಮಾನ್ಯ ಗಾಯದ ಕೇಸಿನಲ್ಲಿ ಕೊಡಬೇಕಾದ್ದು ಮೂರೇ ಬಾಬ್ತು: ಚಿಕಿತ್ಸೆ ಮತ್ತು ಅದರ ಸುತ್ತಲಿನ ಖರ್ಚು, ಚಿಕಿತ್ಸೆಯ ಕಾಲದಲ್ಲಿ ತಪ್ಪಿದ ಆದಾಯ, ನೋವು ಸಂಕಟಕ್ಕೆ ಒಂದಿಷ್ಟು. ಮುಂದಿನ ಜೀವಮಾನದ ಗಳಿಕೆ ಕಡಿಮೆಯಾಯ್ತು ಅನ್ನುವ ದೊಡ್ಡ ಬಾಬ್ತು ಬರುವುದು ಪೆಟ್ಟು ದೊಡ್ಡದಿದ್ದಾಗ, ಅದಕ್ಕೆ ವೈದ್ಯರ ಸ್ಪಷ್ಟ ಸಾಕ್ಷ್ಯ ಇದ್ದಾಗ. ಹಾಗಾಗಿ ಮಿರ್ಜಾನಿನವರಿಗೆ ಲೆಕ್ಕ ಸಲೀಸು. ಏನೂ ಹೋಗಿಲ್ಲ ಅಂದ್ರೆ ಏನೂ ಸಿಗಬಾರದು. ಕಾರಿನ ರಿಪೇರಿ ದುಡ್ಡು ಬೇರೆ ವಿಷಯ, ಅದನ್ನು ಗುದ್ದಿದವನ ವಿಮೆಯಿಂದ ಧಾರಾಳ ಕೇಳಬಹುದು.

"ಕಂಪನಿ ದುಡ್ಡು ಅಲ್ವಾ, ಯಾರ ಮನೆಯದ್ದು?" ಅನ್ನುವವರು ಸಿಗುತ್ತಾರೆ. ಎಪ್ಪತ್ತೈದರಿಂದ ನೂರೈವತ್ತು ಸಿಸಿಯ ಬೈಕು ಸ್ಕೂಟರಿಗೆ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಅಂತ ವರ್ಷಕ್ಕೆ 714 ರೂಪಾಯಿ ಕಟ್ಟುತ್ತೀರಲ್ಲ, ಸಾವಿರದಿಂದ ಸಾವಿರದೈನೂರು ಸಿಸಿಯ ಕಾರಿಗೆ 3,416? 2022ರ ಜೂನ್‌ನಿಂದ ಜಾರಿಗೆ ಬರುವಂತೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರ ಅದು. ಆ ದುಡ್ಡೇ ಇದು. ಇಂಗ್ಲೆಂಡಿನಲ್ಲಿ ಈ ಕುತ್ತಿಗೆ ನೋವಿನ ಕ್ಲೇಮು ಎಷ್ಟು ಅತಿಯಾಯಿತೆಂದರೆ, 2021ರ ಮೇ 31ರಿಂದ ಅದಕ್ಕೊಂದು ದರಪಟ್ಟಿಯನ್ನೇ ಮಾಡಿದರು. ಮೂರು ತಿಂಗಳೊಳಗೆ ವಾಸಿಯಾಗುವ ನೋವಾದರೆ ಆಗ 240 ಪೌಂಡ್ ಇತ್ತು. ಹೋಟೆಲಿನಲ್ಲಿ ಇಡ್ಲಿಗೆ ಬೋರ್ಡು ಹಾಕಿದ ಹಾಗೆ. ನಿಜವಾಗಿ ನೊಂದವನಿಗೂ ಅಷ್ಟೇ.

ಇಷ್ಟು ಹೇಳಿ ಸುಮ್ನೆ ಬಿಟ್ಟರೆ, ಕ್ಲೇಮು ಹಾಕುವವರೆಲ್ಲ ಆಸೆಬುರುಕರು ಅಂದ ಹಾಗಾಗುತ್ತದೆ. ನಮ್ಮ ಕಡೆ ನಾನು ಜಾಸ್ತಿ ಕಂಡದ್ದು ಇದರ ಉಲ್ಟಾ. ನಿಜಕ್ಕೂ ಕಳೆದುಕೊಂಡವರು ಸಂಕೋಚದಿಂದ ಬಾಯಿ ಬಿಡುವುದಿಲ್ಲ. "ಒಂದೇ ಊರಿನವರು, ನಾಳೆ ಮದುವೆ ಮನೆಯಲ್ಲಿ ಮುಖ ನೋಡ್ಬೇಕು" ಅನ್ನುತ್ತಾರೆ. ಅವರಲ್ಲಿ ಒಬ್ಬರ ಕತೆ ಹೇಳಬೇಕು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಅವರು ಟೇಲರ್. ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತಾರೆ. ಪೇಟೆಯಲ್ಲಿ ದಾರ, ಗುಂಡಿ ತೆಗೆದುಕೊಂಡು ಅಂಗಡಿಯ ಮೆಟ್ಟಿಲಿಳಿಯುವಾಗ ರಿವರ್ಸ್ ಬಂದ ಕಾರೊಂದು ತಾಗಿತು. ಜೋರಾಗಿ ಏನಲ್ಲ. ಆದರೆ ಬೀಳುವಾಗ ಎಡಗೈ ಊರಿದ್ದರಿಂದ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಐದು ವಾರ ಪ್ಲಾಸ್ಟರು. ಕಾರು ಓಡಿಸಿದ್ದವನು ಹೊನ್ನಾವರ ಕಡೆಯ ಹುಡುಗ, ಗಲ್ಫಿನಲ್ಲಿ ಕೆಲಸ, ರಜೆಗೆ ಬಂದವನು. ಓಡಿ ಹೋಗಲಿಲ್ಲ. ತಾನೇ ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ. ಕಾನೂನು ಚಾಲಕನಿಗೆ ಹೇಳುವುದೂ ಅದನ್ನೇ, ಆದರೆ ಮಾಡುವವರು ಎಷ್ಟು ಜನ?

ರಸ್ತೆ ಅಪಘಾತ ಅಂದ ಕೂಡಲೇ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು, ಅಂತ ಬರೆದು ಠಾಣೆಗೆ ತಿಳಿಸುತ್ತಾರೆ. ಇಲ್ಲಿ ಶುರುವಾಯಿತು ತಾಪತ್ರಯ. ಮೂಳೆ ಮುರಿದರೆ, ಎಷ್ಟೇ ಸಣ್ಣ ಬಿರುಕಾಗಲಿ, ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ. ನಿರ್ಲಕ್ಷ್ಯದಿಂದ ಅಂಥ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 125(ಬಿ) ಕಲಮು, ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ಹೆಚ್ಚಾಗಿ ದಂಡದಲ್ಲಿ ಮುಗಿಯುತ್ತದೆ, ಆದರೆ ಕೇಸು ಕೇಸೇ. ವೀಸಾ, ಪಾಸ್‌ಪೋರ್ಟು ಅಂತ ಓಡಾಡುವ ಮನೆಯಲ್ಲಿ ಎಫ್‌ಐಆರ್ ಅಂದರೆ ಎದೆ ಒಡೆಯುತ್ತದೆ.

ಮರುದಿನ ಹುಡುಗನ ಅಪ್ಪ ಹಣ್ಣು ಹಿಡಿದುಕೊಂಡು ಬಂದರು. "ಅಕ್ಕಾ, ತಾನೇ ಮೆಟ್ಟಿಲು ಜಾರಿ ಬಿದ್ದೆ ಅಂತ ಪೊಲೀಸರ ಹತ್ರ ಹೇಳಿಬಿಡಿ. ಖರ್ಚೆಲ್ಲ ನನ್ನದು. ಮೇಲೆ ಐವತ್ತು ಸಾವಿರ."

ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಇತ್ತ ಮನೆಯಲ್ಲಿ ಈಕೆಯ ಮೈದುನನದ್ದು ಬೇರೆಯೇ ಲೆಕ್ಕ. "ಅತ್ತಿಗೆ, ಐವತ್ತು ಎಂತಕ್ಕೆ? ಕೇಸ್ ಹಾಕಿ. ತಿಂಗಳಿಗೆ ಇಪ್ಪತ್ತೈದು ಸಾವಿರ ದುಡಿತೀರಿ ಅಂತ ಬರೆಸುವಾ. ಕೈ ಇನ್ನು ಸರಿ ಆಗೋದಿಲ್ಲ ಅಂತ ಒಂದು ಸರ್ಟಿಫಿಕೇಟ್ ಮಾಡಿಸುವಾ."

ಒಂದು ಸುಳ್ಳು ಕರುಣೆಯದ್ದು, ಇನ್ನೊಂದು ಆಸೆಯದ್ದು. ಮೊದಲನೆಯದನ್ನು ನಾವು ಒಳ್ಳೆಯತನ ಅಂದುಕೊಳ್ಳುತ್ತೇವೆ. ಆದರೆ ಜಾರಿ ಬಿದ್ದೆ ಅಂತ ಒಮ್ಮೆ ಹೇಳಿಕೆ ಕೊಟ್ಟ ಮೇಲೆ, ಮೂರು ತಿಂಗಳಿಗೆ ಕೈ ಸರಿಯಾಗದೆ ಆಪರೇಷನ್ ಬೇಕು ಅಂತಾದರೆ ಯಾರ ಹತ್ತಿರ ಹೋಗುವುದು? ಹಣ್ಣು ತಂದವರ ಫೋನು ಆಗ ಸ್ವಿಚ್ ಆಫ್ ಇದ್ದರೆ?

ಆಕೆ ನನ್ನ ಮುಂದೆ ಕೂತು ಕೇಳಿದ್ದು ಎರಡು ಪ್ರಶ್ನೆ. ಒಂದು, "ಕೇಳುವುದು ತಪ್ಪಾ?" ಎರಡು, "ಹುಡುಗನಿಗೆ ತೊಂದರೆ ಆಗ್ತದಾ?"

ಮೊದಲನೆಯದಕ್ಕೆ ಉತ್ತರ ಸುಲಭ. ತಪ್ಪಲ್ಲ. ಮೂರನೆಯವರ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದೇ ಇದಕ್ಕಾಗಿ, ಹುಡುಗನ ಲೈಸೆನ್ಸು, ವಿಮೆ ಸರಿಯಿದ್ದರೆ ದುಡ್ಡು ಅವನ ಜೇಬಿನಿಂದ ಹೋಗುವುದಿಲ್ಲ. ಎರಡನೆಯದಕ್ಕೆ ಇದ್ದದ್ದನ್ನೇ ಹೇಳಿದೆ. ಸ್ವಲ್ಪ ಆಗ್ತದೆ. ಕ್ಲೇಮಿಗೆ ಚಾಲಕನ ತಪ್ಪು ತೋರಿಸಬೇಕು, ಅದಕ್ಕೆ ಎಫ್‌ಐಆರ್, ಚಾರ್ಜ್‌ಶೀಟ್ ಬೇಕಾಗುತ್ತದೆ. ನಿರ್ಲಕ್ಷ್ಯದ ಚಾಲನೆಯ ಕೇಸನ್ನು ನೀವಿಬ್ಬರೂ ರಾಜಿಯಾದಿರಿ ಅಂತ ಮುಚ್ಚಲಿಕ್ಕೆ ಬರುವುದಿಲ್ಲ. ಈ ಮಾತನ್ನು ನಮ್ಮ ವೃತ್ತಿಯವರು ಕಕ್ಷಿದಾರರಿಗೆ ಮೊದಲೇ ಹೇಳುವುದು ಕಡಿಮೆ. ಹೇಳಬೇಕು.

ಪೊಲೀಸರು ಬಂದಾಗ ಆಕೆ ಎರಡು ವಾಕ್ಯ ಬರೆಸಿದರು. ಹುಡುಗ ಹಿಂದೆ ನೋಡದೆ ಕಾರು ತೆಗೆದ. ಅವನೇ ನನ್ನನ್ನು ಆಸ್ಪತ್ರೆಗೆ ತಂದ. ಎರಡನೆಯದನ್ನು ಬರೆಯುವುದು ಬೇಡ ಅಂತ ಮೈದುನ ಕಣ್ಣು ಮಿಟುಕಿಸಿದ್ದನಂತೆ.

ಇನ್ನು ಆದಾಯದ ಪ್ರಶ್ನೆ. ಟೇಲರಿಗೆ ಎಲ್ಲಿಯ ಸಂಬಳ ಚೀಟಿ? "ಏನಾದ್ರೂ ಬರೆದಿಟ್ಟಿದ್ದೀರಾ?" ಅಂತ ಕೇಳಿದ್ದಕ್ಕೆ, ಚೀಲದಿಂದ ಇನ್ನೂರು ಪುಟದ ನೋಟುಬುಕ್ಕು ತೆಗೆದರು. ಅಂಚೆಲ್ಲ ನೀಲಿ ಚಾಕಿನ ಪುಡಿ. ಪ್ರತಿ ಸಾಲಿನಲ್ಲಿ ಹೆಸರು, ಅಳತೆ, ಕೊಡುವ ತಾರೀಕು, ದುಡ್ಡು ಬಂದದ್ದಕ್ಕೆ ಒಂದು ಟಿಕ್ಕು. ಅಪಘಾತವಾದ ವಾರದ ನಂತರ ಟಿಕ್ಕು ನಿಂತಿದೆ. ಆರು ಹೆಸರಿನ ಮುಂದೆ "ವಾಪಸ್ ಕೊಟ್ಟೆ" ಅಂತ ಬರೆದಿದೆ. ಬಲಗೈಯಲ್ಲೇ ಬರೆದದ್ದು, ಆದರೆ ಪುಸ್ತಕ ಒತ್ತಿಹಿಡಿಯುವ ಎಡಗೈ ಇರಲಿಲ್ಲ, ಹಾಗಾಗಿ ಅಕ್ಷರ ಓರೆ. ಕೂಡಿಸಿ ನೋಡಿದರೆ ತಿಂಗಳಿಗೆ ಹತ್ತಿರ ಹತ್ತಿರ ಹದಿನಾಲ್ಕು ಸಾವಿರ. ಇಪ್ಪತ್ತೈದಲ್ಲ.

ನಾನು ಹದಿನಾಲ್ಕು ಅಂತಲೇ ಬರೆದೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಸುಟ್ಟುಕೊಂಡ ಅನುಭವ. ಹಿಂದೆ ಈಚೆ ಕಡೆ ಬಂದ ಹೊಸತರಲ್ಲಿ, ಅಡಿಕೆ ಕೊನೆ ಕೊಯ್ಯುವ ಒಬ್ಬನ ಅರ್ಜಿಯಲ್ಲಿ ಅವನನ್ನು ಸರಿಯಾಗಿ ಕೇಳದೆ ದೊಡ್ಡ ಆದಾಯ ಹಾಕಿಬಿಟ್ಟಿದ್ದೆ. ಎಲ್ಲರೂ ಹಾಕುತ್ತಾರೆ, ಕೋರ್ಟು ಹೇಗೂ ಕಡಿಮೆ ಮಾಡುತ್ತದೆ, ಜಾಸ್ತಿ ಕೇಳಿದರೆ ಸ್ವಲ್ಪವಾದರೂ ಬರುತ್ತದೆ ಅನ್ನುವ ಲೆಕ್ಕ. ಪಾಟಿಸವಾಲಿನಲ್ಲಿ ಕಂಪನಿ ವಕೀಲರು ಮೆತ್ತಗೆ ಕೇಳಿದರು, "ವರ್ಷಕ್ಕೆ ಎಷ್ಟು ತಿಂಗಳು ಕೊನೆ ಕೊಯ್ಲು ಇರ್ತದೆ?" ಅವನು ಪಾಪ, ಸತ್ಯ ಹೇಳಿದ. ಆಮೇಲೆ ಅವನ ಮುರಿದ ಕಾಲಿನ ಬಗ್ಗೆ ಹೇಳಿದ್ದನ್ನೂ ಯಾರೂ ಪೂರ್ತಿ ನಂಬಲಿಲ್ಲ. ಸುಳ್ಳು ನನ್ನದು, ನಷ್ಟ ಅವನದ್ದು.

ಸರ್ಟಿಫಿಕೇಟಿನ ಕತೆಯೂ ಇಷ್ಟೇ. ಅದೇ ರಾಜ್‌ಕುಮಾರ್ ತೀರ್ಪಿನಲ್ಲಿ, ಕೇಳಿದವರಿಗೆಲ್ಲ ಧಾರಾಳವಾಗಿ ಶೇಕಡಾವಾರು ಅಂಗವೈಕಲ್ಯ ಬರೆದುಕೊಡುವ ವೈದ್ಯರ ಬಗ್ಗೆ ಎಚ್ಚರ ಇರಲಿ ಅಂತ ಸುಪ್ರೀಂ ಕೋರ್ಟು ನ್ಯಾಯಮಂಡಳಿಗಳಿಗೆ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ. ಎಡಗೈ ಹೋದರೆ ಚಾಲಕನಿಗೆ, ಬಡಗಿಗೆ ಗಳಿಕೆ ಪೂರ್ತಿ ಹೋಗಬಹುದು, ಗುಮಾಸ್ತನಿಗೆ ಹಾಗಾಗಬೇಕೆಂದಿಲ್ಲ. ಅಂದರೆ ಮಣಿಕಟ್ಟಿನ ಬಿರುಕು ನನಗಾದರೆ ಒಂದು ಬೆಲೆ, ಟೇಲರಿಗಾದರೆ ಇನ್ನೊಂದು. ಇದನ್ನು ಒತ್ತಿ ಕೇಳುವುದು ದುರಾಸೆಯಲ್ಲ, ನಾನೂ ಕೇಳಿದೆ. ಆದರೆ ಪ್ಲಾಸ್ಟರು ಬಿಚ್ಚಿದ ಮೇಲೆ ಕೈ ಸರಿಯಾಯಿತು, ಹಾಗಾಗಿ ಸರ್ಟಿಫಿಕೇಟ್ ಮಾಡಿಸಲಿಲ್ಲ. ಲೋಕ ಅದಾಲತ್ತಿನಲ್ಲಿ ಮುಗಿಯಿತು. ನೋಟುಬುಕ್ಕಿನ ಲೆಕ್ಕ, ಬಿಲ್ಲು, ನೋವಿಗೊಂದಿಷ್ಟು ಸೇರಿಸಿ ನಾವು ಕೇಳಿದ್ದಕ್ಕೂ ಬಂದದ್ದಕ್ಕೂ ದೊಡ್ಡ ಅಂತರ ಇರಲಿಲ್ಲ. ಹುಡುಗ ಕೋರ್ಟಿಗೆ ಬಂದು ದಂಡ ಕಟ್ಟಿದ, ಸ್ವಲ್ಪ ತಡವಾಗಿ ಕೆಲಸಕ್ಕೆ ವಾಪಸ್ ಹೋದ. ಮೈದುನ ಈಗಲೂ ನನ್ನನ್ನು ಕಂಡರೆ ಆಚೆ ನೋಡುತ್ತಾನೆ.

ಹಣದ ಮಾತು ಬಂದಾಗ ನಮ್ಮ ಕರಿಕೋಟಿನ ಬಗ್ಗೆಯೂ ಹೇಳಬೇಕು. "ಫೀಸು ಬೇಡ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವ ಪದ್ಧತಿ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದನ್ನು ನೇರವಾಗಿ ನಿಷೇಧಿಸಿದೆ. ಕಾರಣ ಸ್ಪಷ್ಟ. ಗಾಯ ದೊಡ್ಡದಾದಷ್ಟೂ ನನ್ನ ಪಾಲೂ ದೊಡ್ಡದಾದರೆ, ನಾನು ನಿಮ್ಮ ಗಾಯವನ್ನು ಸಣ್ಣದು ಅಂತ ಯಾಕೆ ಹೇಳಲಿ? ಆಸ್ಪತ್ರೆಯ ವಾರ್ಡಿನ ಹೊರಗೆ ನಿಂತು ವಿಸಿಟಿಂಗ್ ಕಾರ್ಡು ಹಂಚುವವರನ್ನು ಕಂಡರೆ ದೂರ ಇರಿ.

ಕಂಪನಿ ಪರ ಇದ್ದಾಗಿನ ಒಂದು ಕೇಸು ನನಗೆ ಇವತ್ತಿಗೂ ಬಿಡಿಸಲಾಗದ ಗಂಟು. ಒಬ್ಬಾತ ರಾತ್ರಿ ಹೊತ್ತು 66ನೇ ಹೆದ್ದಾರಿಯಲ್ಲಿ ದನ ಅಡ್ಡ ಬಂದು ಬೈಕಿನಿಂದ ಬಿದ್ದಿದ್ದ. ಕಾಲಿಗೆ ರಾಡು. ಹುಬ್ಬಳ್ಳಿಗೆ ಹೋಗಿ ಬಂದು ಲಕ್ಷಗಟ್ಟಲೆ ಖರ್ಚು. ಒಂದು ತಿಂಗಳ ನಂತರ ದೂರು ದಾಖಲಾಯಿತು, ಕಾರೊಂದು ಗುದ್ದಿತು ಅಂತ. ಕಾರು ದೊಡ್ಡಪ್ಪನ ಮಗನದ್ದು. ನಾನು ಆಸ್ಪತ್ರೆಯ ಕೇಸ್‌ಶೀಟ್ ತರಿಸಿದೆ. ದಾಖಲಾದ ರಾತ್ರಿ ಡ್ಯೂಟಿ ಡಾಕ್ಟರು ಗಡಿಬಿಡಿಯ ಅಕ್ಷರದಲ್ಲಿ ಬರೆದಿದ್ದರು: "ಸ್ಕಿಡ್ ಆಗಿ ಬಿದ್ದದ್ದು, ರೋಗಿಯೇ ಹೇಳಿದಂತೆ." ಆ ಒಂದು ಸಾಲಿಗೆ ಅರ್ಜಿ ವಜಾ.

ಗೆದ್ದೆ, ಆದರೆ ಖುಷಿಯಾಗಲಿಲ್ಲ. ತಾನೇ ಬಿದ್ದವನಿಗೆ ನಮ್ಮಲ್ಲಿ ಹೆಚ್ಚು ದಾರಿಯಿಲ್ಲ. ಮಾಲೀಕ ಚಾಲಕನಿಗೆ ಅಂತ ಕಟ್ಟಿಸಿಕೊಳ್ಳುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಮುರಿದು ಕೂಡಿದ ಕಾಲಿಗೆ ಅದರಲ್ಲಿ ಏನೂ ಇಲ್ಲ. ದೊಡ್ಡ ಆಪರೇಷನ್ನಿಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು. ಹಾಗಂತ ಸುಳ್ಳು ಕ್ಲೇಮು ಸರಿಯಾಗುವುದಿಲ್ಲ. ಕೋರ್ಟಿನಲ್ಲಿ ಸುಳ್ಳು ಕ್ಲೇಮು ಹೂಡಿದ್ದಕ್ಕೆ ಎರಡು ವರ್ಷದವರೆಗೆ ಜೈಲು ಅಂತ ಸಂಹಿತೆಯ 246ನೇ ಕಲಮು ಹೇಳುತ್ತದೆ, ಮೇಲಿಂದ ಆ ದೊಡ್ಡಪ್ಪನ ಮಗ ಮಾಡದ ತಪ್ಪಿಗೆ ಆರೋಪಿ. ಆದರೂ ಅವನನ್ನು ಕಳ್ಳ ಅಂತ ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ವಿಮೆ ಕಟ್ಟುವಾಗ ಆರೋಗ್ಯ ವಿಮೆಯನ್ನೂ ಒಂದು ಮಾಡಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುವುದು ಅಂದಿನಿಂದ.

ಅದಿದ್ದರೆ ಇನ್ನೊಂದು ಸಂದಿಗ್ಧ ಬರುತ್ತದೆ. ಆಸ್ಪತ್ರೆ ಬಿಲ್ಲು ಆರೋಗ್ಯ ವಿಮೆಯಿಂದ ಬಂದಿದೆ, ಅದೇ ಬಿಲ್ಲನ್ನು ಅಪಘಾತದ ಕ್ಲೇಮಿನಲ್ಲೂ ಕೇಳಬಹುದೇ? ಹೈಕೋರ್ಟುಗಳ ಅಭಿಪ್ರಾಯ ಒಂದೇ ಇಲ್ಲ. ಕೇಳುವುದು ನಿಮಗೆ ಬಿಟ್ಟದ್ದು, ಮುಚ್ಚಿಡಬೇಡಿ. ಬಂದಿದೆ ಅಂತ ಹೇಳಿಯೇ ಕೇಳಿ.

ಮಿರ್ಜಾನಿನವರಿಗೆ ಆ ಸಂಜೆ ಇಷ್ಟೆಲ್ಲ ಹೇಳಲಿಲ್ಲ. "ಕಾರಿನ ಫೋಟೊ ತೆಗೆದಿಡಿ, ಗೋವಾದವರ ವಿಮೆ ನಂಬರು ಬರೆದುಕೊಳ್ಳಿ, ಪಟ್ಟಿಗಿಟ್ಟಿ ಎಲ್ಲ ಬೇಡ" ಅಂದೆ. ಅವರೂ ನಕ್ಕು ಇಟ್ಟರು.

ನಾಲ್ಕನೇ ದಿನ ಮತ್ತೆ ಫೋನು. "ವಕೀಲರೇ, ಕುತ್ತಿಗೆ ತಿರುಗಿಸ್ಲಿಕ್ಕೆ ಆಗ್ತಾ ಇಲ್ಲ. ಎಡಗೈಯೂ ಜೋಮು ಹಿಡಿದ ಹಾಗೆ." ಹಿಂದಿನಿಂದ ಗುದ್ದಿಸಿಕೊಂಡ ಕುತ್ತಿಗೆ ಹಾಗೇ. ಆ ಹೊತ್ತಿಗೆ ಗೊತ್ತಾಗುವುದಿಲ್ಲ, ಮರುದಿನವೋ ಆಮೇಲೋ ಹಿಡಿದುಕೊಳ್ಳುತ್ತದೆ. ನನಗೆ ಗೊತ್ತಿದ್ದ ಮಾತೇ. ಆದರೂ ಒಂದು ಕ್ಷಣ ನಾನು ಸುಮ್ಮನಾದೆ, ಅದು ಅವರಿಗೂ ತಿಳಿಯಿತು.

"ನಿಜವಾಗ್ಲೂ ಮಾರಾಯ್ರೇ" ಅಂದರು.

ಮೊದಲು ಡಾಕ್ಟರ ಹತ್ತಿರ ಹೋಗಿ, ಯಾವತ್ತು ಗುದ್ದಿದ್ದು, ಯಾವತ್ತು ನೋವು ಶುರುವಾದದ್ದು, ಎರಡೂ ತಾರೀಕು ಹೇಳಿ ಅಂದೆ. ಹೋಗಿ ಬಂದಿದ್ದಾರೆ. ಈಗ ಕುತ್ತಿಗೆಗೆ ಪಟ್ಟಿ ಇದೆ. ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವುದು 2022ರ ಏಪ್ರಿಲ್ 1ರಿಂದ ಬಂದ ನಿಯಮ. ಆ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದ್ದರೂ ಅದನ್ನು ನೆಚ್ಚಿಕೊಂಡು ಕೂರುವುದು ಬೇಡ. ಅರ್ಜಿಯ ಮೊದಲ ಪ್ಯಾರಾ ನಿನ್ನೆ ಬರೆದೆ. ನಾಲ್ಕು ದಿನ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ ಅನ್ನುವಲ್ಲಿ, "ಮೊದಲು ನೋವಿರಲಿಲ್ಲ" ಅಂತಲೇ ಹಾಕಿದ್ದೇನೆ.